ಎಡಗಡೆಯ ಹುಲ್ಲು

ಬೂದ ಎಂಬ ಎತ್ತು ನೊಗದ ಬಲಗಡೆಯವನು. ಎಡಗಡೆಯ ಜೊತೆಗಾರ ಕೆಂದ ಸತ್ತುಹೋದ. ಆಮೇಲೂ ಬೂದ ಗೋದಲಿಯಲ್ಲಿ ಎಡಗಡೆಯ ಹುಲ್ಲಿಗೆ ಬಾಯಿ ಹಾಕುತ್ತಿರಲಿಲ್ಲ.

ಬೆನ್ನ ಮೇಲೆ ಕೂತಿದ್ದ ಬೆಳ್ಳಕ್ಕಿ ಕೇಳಿತು, "ಬೂದಣ್ಣ, ಎಂದೆಂದಿಗೂ ಜೊತೆಗಿರ್ತೀನಿ ಅಂತ ಕೆಂದ ಹೇಳ್ತಿದ್ದನಲ್ಲ. ಎಲ್ಲಿ ಹೋಯ್ತು ಆ ಮಾತು?"

"ಗೊತ್ತಿಲ್ಲ ಕಣಮ್ಮ. ಅದರ ಅರ್ಥ ಹೇಳದೇ ಹೋದ."

"ಅರ್ಥ ಗೊತ್ತಿಲ್ಲದ ಮಾತಿಗೆ ಹೊಟ್ಟೆ ಯಾಕೆ ಕಟ್ಟಬೇಕು? ಆ ಹುಲ್ಲೂ ತಿಂದುಬಿಡು."

ಬೂದ ತಿನ್ನಲಿಲ್ಲ.

ಮರುದಿನ ಒಡೆಯ ಎಳೆಯ ಹೋರಿಯೊಂದನ್ನು ತಂದು ಎಡಗಡೆ ಕಟ್ಟಿದ. ಅದು ಆ ಹುಲ್ಲಿಗೆ ಬಾಯಿ ಹಾಕಿದ್ದೇ ತಡ, ಬೂದನ ಕೊಂಬು ತಾನಾಗಿ ತಗ್ಗಿತು.

ಹೋರಿ ಹಿಂದೆ ಸರಿಯಿತು. "ತಪ್ಪಾಯ್ತಾ ದೊಡ್ಡಪ್ಪ? ಯಾರದಿದು?"

ಬೂದ ಮುಖ ಆಚೆ ತಿರುಗಿಸಿಕೊಂಡ. ಹೋರಿ ಹಸಿದೇ ಹೊಲಕ್ಕೆ ಹೋಯಿತು.

ಉಳುವಾಗ ಮೊದಲ ತಿರುವಿನಲ್ಲೇ ಅದರ ಕಾಲು ತಡವರಿಸಿತು. ಒಡೆಯ ಬಾರುಕೋಲು ಎತ್ತಿದ. ಬೂದ ಗಕ್ಕನೆ ನಿಂತುಬಿಟ್ಟ. ಹೋರಿ ಕಾಲು ಸರಿಮಾಡಿಕೊಳ್ಳುವ ತನಕ ನೊಗದ ಭಾರವನ್ನೆಲ್ಲ ತನ್ನ ಹೆಗಲಿಗೆ ಎಳೆದುಕೊಂಡ. ನಿಂತಿದ್ದಕ್ಕೆ ಏಟು ಅವನಿಗೇ ಬಿತ್ತು.

"ಇದನ್ನ ಯಾರು ಕಲಿಸಿದ್ರು ನಿನಗೆ?" ಅಂದಿತು ಬೆಳ್ಳಕ್ಕಿ.

ಬೂದ ನೊಗದ ಎಡಗಡೆ ನೋಡಿದ. "ನಾನು ಹೋರಿಯಾಗಿದ್ದಾಗ ಕೆಂದ ಹೀಗೇ ನಿಲ್ತಿದ್ದ," ಅಂದ.



ಸಂಜೆ ಗೋದಲಿಯ ಮುಂದೆ ಹೋರಿ ತಲೆ ತಗ್ಗಿಸಿ ನಿಂತಿತ್ತು. ಬೂದ ಎಡಗಡೆಯ ಹುಲ್ಲನ್ನು ಮೂತಿಯಿಂದ ಅದರತ್ತ ತಳ್ಳಿದ.

"ತಿನ್ನು. ನಿಂದೇ ಜಾಗ."

ಹೋರಿ ತಿನ್ನುತ್ತಾ ಕೇಳಿತು, "ನಾಳೆಯೂ ತಿರುವಿನಲ್ಲಿ ನಿಲ್ತೀಯಾ ದೊಡ್ಡಪ್ಪ?"

"ಎಂದೆಂದಿಗೂ," ಅಂದ ಬೂದ.