ಬಂದ ಬೀದಿಯಲ್ಲೇ ಮರಳಿದ ಡಂಗುರ

"ಕೇಳಿರಿ, ಹೊಂಬಾಳೆಪುರದ ಪ್ರಜೆಗಳೇ ಕೇಳಿರಿ! ರಾಜಕುಮಾರಿ ಲಕುಮಾದೇವಿಯವರು ಮೂರು ಒಗಟು ಒಡ್ಡಿದ್ದಾರೆ. ಮೂರನ್ನೂ ಬಿಡಿಸಿದವರ ಮಾತಿನಂತೆ ಸುಳ್ಳುಸುದ್ದಿಗೆ ಕಾನೂನು ಬರೆಯಲಾಗುವುದು. ಒಂದು ತಪ್ಪಿದರೂ ನಾಲಿಗೆ ಹೋಗುವುದು!"

ಹೀಗೆಂದು ಡಂಗುರದ ಮೈಲಾರಿ ಊರೆಲ್ಲ ಸಾರುತ್ತಾ ಹೋದ. ಅವನ ತಾಯಿ ಗಂಗಮಾಳವ್ವ ಸೆರೆಮನೆಯಲ್ಲಿದ್ದಳು.

ನಡೆದದ್ದಿಷ್ಟು. ಕರಾವಳಿಯಿಂದ ಎತ್ತುಗಳ ಮೇಲೆ ಬರುವ ಉಪ್ಪಿನಲ್ಲಿ ವಿಷವಿದೆ ಎಂದು ಯಾರೋ ಗಾಳಿಸುದ್ದಿ ಹಬ್ಬಿಸಿದರು. ಅರಮನೆಯೂ ಹೆದರಿ, ಆ ಉಪ್ಪು ತಿನ್ನಬೇಡಿ ಎಂದು ಮೈಲಾರಿಯ ಕೈಯಲ್ಲಿ ಸಾರಿಸಿತು. ಊರಿಗೆ ಊರೇ ಉಪ್ಪನ್ನು ತಿಪ್ಪೆಗೆ ಸುರಿಯಿತು. ಉಪ್ಪಿನ ಹೇರು ತಂದಿದ್ದ ಒಬ್ಬ ಮುದುಕನನ್ನು ಕೆಲವರು ಸೇರಿ ಬಡಿದು ಕೊಂದೇಬಿಟ್ಟರು. ಸುದ್ದಿ ಸುಳ್ಳೆಂದು ತಿಳಿದಾಗ ಅರಿಗಂಡರಾಜ ಕೆಂಡವಾಗಿ, ಆ ಮಾತು ಆಡಿದವರೆಲ್ಲರ ನಾಲಿಗೆ ಕೊಯ್ಯಿರಿ ಎಂದ. ಮೊದಲು ಸಿಕ್ಕ ಕೆಲವರನ್ನು ಭಟರು ಸೆರೆಗೆ ಹಾಕಿದರು, ಗಂಗಮಾಳವ್ವನೂ ಅವರಲ್ಲೊಬ್ಬಳು. ಹಾಗೆ ಕೊಯ್ಯುತ್ತಾ ಹೋದರೆ ಊರಲ್ಲಿ ದೇವರ ಹೆಸರು ಹೇಳಲೂ ಒಬ್ಬರು ಉಳಿಯುತ್ತಿರಲಿಲ್ಲ. ಪುಣ್ಯಕ್ಕೆ ರಾಜನ ಮಗಳು ಜಾಣೆ. ಸಿಟ್ಟೇ ಕಾನೂನಾಗಬಾರದು, ಕಾನೂನಿಗೆ ಕಣ್ಣಿರಬೇಕು ಎಂದು ತಡೆದು, ಈ ಒಗಟುಗಳನ್ನು ಒಡ್ಡಿದಳು. ನಾಲಿಗೆಯ ಶರತ್ತು ಮಾತ್ರ ರಾಜನದು.

ಮೊದಲ ಒಗಟು ಹೀಗಿತ್ತು: "ಅದಕ್ಕೆ ಕಾಲಿಲ್ಲ, ಊರೆಲ್ಲ ತಿರುಗುತ್ತದೆ. ಪಡೆದವರೆಲ್ಲ ಇನ್ನೊಬ್ಬರಿಗೆ ಕೊಡುತ್ತಾರೆ, ಕೊಟ್ಟವರ ಹತ್ತಿರವೂ ಉಳಿಯುತ್ತದೆ. ಹೊಟ್ಟೆ ತುಂಬಿಸುವುದಿಲ್ಲ, ಮನೆ ಮುರಿಯುತ್ತದೆ. ಏನದು?" ನೆರೆನಾಡಿನ ರಾಜಕುಮಾರನೊಬ್ಬ ಗಾಳಿ ಎಂದ. ದೊಡ್ಡ ಪಂಡಿತರೊಬ್ಬರು ಬೆಂಕಿ ಎಂದರು. ನಾಲಿಗೆಯ ಶಿಕ್ಷೆ ಕಾಯುತ್ತಾ ಇಬ್ಬರೂ ಸೆರೆಮನೆ ಸೇರಿದರು.

ಆಮೇಲೆ ಬಂದವನು ಉಗ್ರಾಣದ ಅಧಿಕಾರಿ ನಾಗರಸ. ಕಾನೂನು ತನ್ನ ಮಾತಿನಂತೆ ಇದ್ದರೆ ಕ್ಷೇಮ ಎಂಬುದು ಅವನ ಲೆಕ್ಕ. "ಗಾಳಿಸುದ್ದಿ" ಎಂದು ಥಟ್ಟನೆ ಹೇಳಿದ. ರಾಜಕುಮಾರಿ ಎರಡನೆಯದನ್ನು ಕೇಳಿದಳು: "ಒಂದೇ ಸುಳ್ಳನ್ನು ಇಬ್ಬರು ಆಡಿದರು. ಒಬ್ಬನಿಗೆ ಸಂಕೋಲೆ, ಇನ್ನೊಬ್ಬನಿಗೆ ಕುಡಿಯಲು ನೀರು. ಇದು ನ್ಯಾಯವಾಗುವುದು ಹೇಗೆ?"

"ಒಬ್ಬ ಬಡವ, ಇನ್ನೊಬ್ಬ ದೊಡ್ಡ ಮನೆಯವ" ಎಂದ ನಾಗರಸ. ಸಭೆ ನಕ್ಕಿತು. ರಾಜಕುಮಾರಿ ನಗಲಿಲ್ಲ. ಭಟರು ಅವನ ರಟ್ಟೆ ಹಿಡಿದು ಪಕ್ಕಕ್ಕೆ ನಿಲ್ಲಿಸಿದರು.

ಮತ್ತೆ ಯಾರೂ ಮುಂದೆ ಬರಲಿಲ್ಲ. ಬಾಗಿಲ ಬಳಿ ನಿಂತಿದ್ದ ಮೈಲಾರಿಗೆ ಅವ್ವನ ಮುಖ ನೆನಪಾಯಿತು. ಡಂಗುರವನ್ನು ಕೆಳಗಿಟ್ಟು ಸಭೆಯ ನಡುವೆ ಬಂದು ನಿಂತ. ಮೊದಲನೆಯದು ಗಾಳಿಸುದ್ದಿಯೇ ಎಂದು ಒಪ್ಪಿದ. ಎರಡನೆಯದಕ್ಕೆ, ಒಬ್ಬ ಸುಳ್ಳೆಂದು ಗೊತ್ತಿದ್ದೇ ಆಡಿದ, ಇನ್ನೊಬ್ಬ ನಂಬಿ ಆಡಿದ ಎಂದ. ಅದನ್ನು ಎದೆ ಸೀಳಿ ನೋಡಲಾದೀತೇ ಎಂದು ರಾಜ ಗದರಿದ.

"ಎದಿ ಯಾಕ ಸೀಳಬೇಕ್ರಿ, ಉಪ್ಪಿನ ಗಡಿಗಿ ನೋಡ್ರಿ" ಎಂದ ಮೈಲಾರಿ. "ನಮ್ಮವ್ವ ಮೊದಲು ತನ್ನ ಉಪ್ಪು ಚೆಲ್ಲಿ, ಆಮ್ಯಾಲೆ ನೆರಿಮನಿಗೆ ಹೇಳಾಕ ಓಡಿದಳು. ಸುಳ್ಳು ಹುಟ್ಟಿಸಿದಾವ ತನ್ನ ಉಪ್ಪು ಚೆಲ್ಲಿರಾಕಿಲ್ರಿ."

ಭಟರು ಮನೆಮನೆ ಹುಡುಕಿದರು. ಎಲ್ಲ ಗಡಿಗೆಗಳೂ ಬರಿದಾಗಿದ್ದವು. ನಾಗರಸನ ನೆಲಮಾಳಿಗೆಯಲ್ಲಿ ಮಾತ್ರ ಕರಾವಳಿಯ ಉಪ್ಪಿನ ಚೀಲಗಳು ಮಾಡು ಮುಟ್ಟುತ್ತಿದ್ದವು. ದುಬಾರಿ ಬೆಲೆಗೆ ಮಾರಲೆಂದೇ ಒಡೆಯ ಈ ಸುದ್ದಿ ಹಬ್ಬಿಸಿದ ಎಂದು ಅವನ ಆಳುಗಳೇ ಬಾಯಿಬಿಟ್ಟರು.

ರಾಜಕುಮಾರಿ ಮೂರನೆಯದನ್ನು ಮೆಲ್ಲಗೆ ಕೇಳಿದಳು: "ಸುಳ್ಳು ಮುಂದೆ ಓಡಿದೆ, ನಿಜ ಹಿಂದೆ ಉಳಿದಿದೆ. ಕುದುರೆ ಹತ್ತಿದರೂ ಕತ್ತಿ ಹಿಡಿದರೂ ಸುಳ್ಳು ಸಿಗುತ್ತಿಲ್ಲ. ನಿಜ ಯಾವ ದಾರಿ ಹಿಡಿಯಬೇಕು?"

ಮೈಲಾರಿಗೆ ಉತ್ತರ ಗೊತ್ತಿತ್ತು. ಹೇಳಲು ಭಯವಾಗಿತ್ತು. ಆದರೂ ಹೇಳಿದ.

"ಸುಳ್ಳು ಹೋದ ದಾರೀನ ಹಿಡೀಬೇಕ್ರಿ. ಡಂಗುರದವ ತಪ್ಪು ಸಾರಿದರ, ಮತ್ತ ಅದೇ ಓಣಿ, ಅದೇ ಕಟ್ಟಿ, ಅದೇ ಬಾವಿ ತಿರುಗಿ, ಅದೇ ದನಿಯಾಗ 'ನಾ ಹೇಳಿದ್ದು ತಪ್ಪು' ಅನ್ನೂ ತನಕ ಅನ್ನ ಮುಟ್ಟಂಗಿಲ್ಲ. ಇದು ನಮ್ಮ ಮನಿತನದ ಕಟ್ಟಳಿ. ಅಂದು ನೀವು ಸಾರಿಸಿದಿರಿ, ನಾ ಸಾರಿದೆ. ತಪ್ಪಾತು ಅಂತ ಅರಮನಿ ಇನ್ನೂ ಅಂದಿಲ್ರಿ. ಅಪ್ಪಣೆ ಇಲ್ಲದ ನಾ ಹೆಂಗ ಸಾರಲಿ? ಅಂದಿನಿಂದ ನಾ ಬರೀ ನೀರ ಮ್ಯಾಲ ಅದೀನಿ."

ರಾಜನ ಕೈ ಕತ್ತಿಯ ಹಿಡಿಗೆ ಹೋಯಿತು.

"ಹಾಗಾದರೆ ನನ್ನ ನಾಲಿಗೆಯೂ ಕೊಯ್ಯಬೇಕಾದ ಸಾಲಿನಲ್ಲಿದೆಯೇ?"

"ಐತ್ರಿ. ಎಲ್ಲಾರ ನಾಲಿಗಿ ಕೊಯ್ದರ, ತಪ್ಪಾತು ಅನ್ನಾಕ ಯಾರು ಉಳೀತಾರ್ರಿ?"

ರಾಜ ಕತ್ತಿಯಿಂದ ಕೈ ತೆಗೆದ.

ಕಾನೂನು ಅಂದೇ ಬರೆಯಲಾಯಿತು. ಗೊತ್ತಿದ್ದೂ ಸುಳ್ಳು ಹಬ್ಬಿಸಿದವನಿಗೆ ಶಿಕ್ಷೆ. ನಾಗರಸ ಸೆರೆಗೆ ಹೋದ, ಅವನ ಉಪ್ಪೆಲ್ಲ ಸತ್ತ ಮುದುಕನ ಮನೆಯವರ ಪಾಲಾಯಿತು. ಕೈ ಎತ್ತಿ ಕೊಂದವರಿಗೆ ಕೊಲೆಯ ವಿಚಾರಣೆ. ನಂಬಿ ಆಡಿದವರು ಅದೇ ಬಾಗಿಲುಗಳಿಗೆ ಹೋಗಿ ಆಡಿದ್ದನ್ನು ತಿದ್ದಬೇಕು. ಅರಮನೆಯ ಮಾತಿಗೂ ಇದೇ ಕಟ್ಟಳೆ. ನಾಲಿಗೆ ಯಾರದೂ ಹೋಗಬಾರದು. ಒಗಟಿಗೆ ಸೋತ ರಾಜಕುಮಾರನೂ ಪಂಡಿತರೂ ಬದುಕಿಕೊಂಡರು. ಬಹುಮಾನವಾಗಿ ಏನು ಬೇಕೆಂದರೆ ಮೈಲಾರಿ ಅವ್ವನನ್ನು ಬಿಡಿ ಎಂದನೇ ಹೊರತು ಬೇರೆ ಕೇಳಲಿಲ್ಲ. ರಾಜಕುಮಾರಿಯೇ ನ್ಯಾಯಸಭೆಯಲ್ಲಿ ಅವನಿಗೊಂದು ಪೀಠ ಹಾಕಿಸಿದಳು. ಅಂಥ ದೊಡ್ಡತನ ಅವಳದು.

ಮರುದಿನ ಮೈಲಾರಿ ಡಂಗುರ ಬಡಿಯುತ್ತಾ ಮುಂದೆ ನಡೆದ. ಹಿಂದೆ ಅರಿಗಂಡರಾಜ ಬರಿಗಾಲಲ್ಲಿ ಬಂದ. ಮುದುಕ ಸತ್ತ ಕಟ್ಟೆಯ ಬಳಿ ನಿಂತು, "ನಾನು ಹೇಳಿದ್ದು ತಪ್ಪು" ಎಂದ. ಮುದುಕ ಎದ್ದು ಬರಲಿಲ್ಲ. ಅಲ್ಲಿ ನೆರೆದವರು ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಅದೇ ಮಾತು ಹೇಳಿದರು. ಎಲ್ಲ ಓಣಿ ಮುಗಿಸಿ ಮೈಲಾರಿ ಮನೆಗೆ ಬಂದಾಗ ಗಂಗಮಾಳವ್ವ ಅಂಬಲಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮಗನ ಮುಂದಿಟ್ಟಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರಲ್ಲ, ಅವನು ಎರಡನ್ನೂ ಒಂದೇ ಬಟ್ಟಲಲ್ಲಿ ಉಂಡ.