ನೀಲವ್ವನ ಮೈಯ ಕಾವಲುಗಾರರು

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ನಲ್ಲಿ ಬಂದು ಎಷ್ಟೋ ವರ್ಷವಾಗಿದ್ದರೂ ಅಲ್ಲಿನ ದಾಸೋಹದ ಅಡುಗೆಗೆ ಹೊಳೆಯ ನೀರೇ ಆಗಬೇಕು. ಅದೂ ಕೈಯಿಂದ ಕೈಗೆ ಬಂದದ್ದೇ ಆಗಬೇಕು.

ಬೆಳಗಾದರೆ ಭಕ್ತರು ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು ತುಂಬಿದ ಕೊಡಗಳನ್ನು ಮೇಲಕ್ಕೆ ದಾಟಿಸುತ್ತಿದ್ದರು. ಸಾಲಿನಲ್ಲಿ ಯಾರು ಯಾರೆಂದು ಕೇಳುವ ಪದ್ಧತಿಯಿರಲಿಲ್ಲ.

ಸಾಲು ನೋಡಿಕೊಳ್ಳುವವನು ಶಿಷ್ಯ ಮುರಿಗೆಪ್ಪ. ಅವನಷ್ಟು ನಿಷ್ಠೆಯವನು ಮಠದಲ್ಲಿ ಇನ್ನೊಬ್ಬನಿರಲಿಲ್ಲ. ತೊಂದರೆಯಿದ್ದದ್ದೂ ಅದೇ.

ಅಂದು ಸಾಲಿನ ನಡುವೆ ನೀಲವ್ವ ನಿಂತಿದ್ದಳು. ಮಠದಲ್ಲಿ ರೊಟ್ಟಿ ಬಡಿಯುವವಳು. ಕೆಲವು ತಿಂಗಳಿಂದ ಅವಳ ಮೈಮೇಲೆ ನೀರ್ಗುಳ್ಳೆ ಏಳುತ್ತಿದ್ದವು. ಒಡೆದರೆ ಹಸಿ ಗಾಯ. ನಡುವೆ ಕಡಿಮೆಯಾಗಿದ್ದವು, ಈಗ ಮತ್ತೆ ಎದ್ದಿದ್ದವು; ಮೈ ಸುಡುತ್ತಿದ್ದರೂ ಅವಳು ಸಾಲು ತಪ್ಪಿಸಿರಲಿಲ್ಲ.

"ಅಕ್ಕಾ, ಸಾಲು ಬಿಟ್ಟು ಹೊರಗ ಬರ್ರಿ," ಎಂದ ಮುರಿಗೆಪ್ಪ.

"ಯಾಕ ತಮ್ಮಾ?"

"ಒಬ್ಬರಿಂದ ಒಬ್ಬರಿಗೆ ಹತ್ತೂ ರೋಗ. ನೀರು ಮೈಲಿಗಿ ಆಗತದ."

"ಇಷ್ಟು ದಿನ ನನ್ನ ರೊಟ್ಟಿ ನಿನ್ನ ಹೊಟ್ಟಿಗೆ ಹೋಗುವಾಗ ಮೈಲಿಗಿ ಎಲ್ಲಿ ಹೋಗಿತ್ತು? ಊರಿಗೆ ಹೋಗಿತ್ತೇನು?"

ಮುರಿಗೆಪ್ಪ ಅವಳ ಸೆರಗಿನ ತುದಿ ಹಿಡಿದು ಪಕ್ಕಕ್ಕೆ ಎಳೆದ.

ಕೆಳಗಿನ ಮೆಟ್ಟಿಲಲ್ಲಿದ್ದವಳು ಅಭ್ಯಾಸದಂತೆ ಕೊಡ ನೀಡಿದ್ದಳು. ಮೇಲೆ ಕೈಯಿರಲಿಲ್ಲ. ತಾಮ್ರದ ಕೊಡ ಮೆಟ್ಟಿಲು ಮೆಟ್ಟಿಲಿಗೂ ಬಡಿಯುತ್ತ ಹೊಳೆಗೆ ಬಿತ್ತು.

ನೀಲವ್ವ ಯಾರ ಕಡೆಗೂ ನೋಡದೆ ತನ್ನ ಕೋಣೆಗೆ ಹೋದಳು.

ಮುರಿಗೆಪ್ಪ ಗುರುಗಳ ಬಳಿ ಬಂದ. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅವರು ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

"ಏನಲೇ ಅದು ಸಪ್ಪಳ?"

"ಸಾಲಿನ ಶುದ್ಧಿ ಕಾಪಾಡಿದೆನ್ರಿ ಅಜ್ಜಾರ."

"ಕೊಡ ಬಿದ್ದದ್ದು ಕೇಳಿಸ್ತು. ಶುದ್ಧಿ ಕೇಳಿಸಲಿಲ್ಲ."

"ನೀಲವ್ವನ್ನ ಹೊರಗ ತಗದೆ. ಇನ್ನೊಂದ್ರಿ, ಆಕಿ ಪ್ರಸಾದ ಉಣ್ಣೂ ಬಾಳಿ ಎಲಿ ಹಾಸಿಕೊಂಡು ಮಲಗತಾಳ. ಇದು ಅಪಚಾರ ಅಲ್ಲೇನ್ರಿ?"

"ಬಟ್ಟಿ ಹಸಿ ಗಾಯಕ್ಕ ಮೆತ್ತಿಕೊಂತದ. ಎಲಿ ಮೆತ್ತೂದಿಲ್ಲ. ಆ ಎಲಿ ನಾನ ಕೊಯ್ದು ಕೊಟ್ಟೀನಿ."

ಅಜ್ಜಾರು ಇನ್ನೊಂದು ಕಾಯಿ ಸುಲಿದರು.

"ದವಾಖಾನ್ಯಾಗ ಕೊಡಿಸಿದ ಗುಳಿಗಿ ನುಂಗಿದ್ರೂ ಮತ್ತ ಯಾಕ ಎದ್ದಾವೋ ಗುಳ್ಳಿ," ಎಂದರು ಅಜ್ಜಾರು.

"ಗುಳಿಗಿ ಬಿಡಿಸೀನಲ್ರಿ. ಗಲ್ಲ, ಮಾರಿ ಎಲ್ಲಾ ಹೆಂಗ ಊದಿತ್ತು ನೋಡಿರಿಲ್ಲೋ? ವಿಷ ಅದು. ಹೋದ ಅಮಾಸಿಗೆ ಉಪವಾಸ ಹಿಡಿಸಿ ವಿಭೂತಿ ಕೊಟ್ಟೆ. ಪಾಪ ತೊಳೀಲಿ ಅಂತ."

ಅಜ್ಜಾರ ಬೆರಳು ನಿಂತವು.

"ಆಕಿ ಒಪ್ಪಿದಳೇನು?"

"ಮೊದಲು ಒಪ್ಪಲಿಲ್ಲ. ಅಜ್ಜಾರ ಅಪ್ಪಣಿ ಅಂತ ಹೇಳಿದೆ."

ಅವರೆಕಾಯಿಯ ಬುಟ್ಟಿ ಪಕ್ಕಕ್ಕೆ ಸರಿಯಿತು. ಅಜ್ಜಾರು ಬೈಯಲಿಲ್ಲ. ಬೈದಿದ್ದರೆ ಮುರಿಗೆಪ್ಪನಿಗೆ ಹಗುರವಾಗುತ್ತಿತ್ತು.

"ಕೂಡು. ನಿನ್ನ ಸಾಲು ಹೆಂಗ ನಿಂತಿರತದ?"

"ಒಬ್ಬರ ಕೈಗೆ ಒಬ್ಬರ ಕೈ ನಿಲುಕೂಹಂಗ."

"ಚರ್ಮನೂ ಹಂಗ. ಕಣ್ಣಿಗೆ ಕಾಣದಂಥ ಜೀವಕೋಶ ಒಂದರ ಕೈ ಒಂದು ಹಿಡಕೊಂಡು ನಿಂತಿರತಾವ. ಆ ಕೈ ಅಂದ್ರ ಒಂದು ನಮೂನಿ ಪ್ರೋಟೀನ್. ಡೆಸ್ಮೊಗ್ಲೀನ್ ಅಂತ ಹೆಸರು. ದವಾಖಾನಿಯಿಂದ ಬರೂಮುಂದ ದಾರಿತುಂಬ ಜಪ ಮಾಡೀನಿ, ಮರೀಬಾರದಂತ."

"ಮತ್ತ ನೀಲವ್ವಕ್ಕನ ಮೈಯಾಗ ಆ ಕೈ ಯಾರು ಬಿಡಿಸಿದ್ರು?"

"ಆಕಿ ರಕ್ತದಾಗಿನ ಕಾವಲುಗಾರರು."

"ಅವರು ರೋಗ ತಡಿಯೋರಲ್ರಿ?"

"ಹೌದು. ಮನಿಯವರ ಕೈ ನೋಡಿ ಕಳ್ಳನ ಕೈ ಅಂತ ತಿಳಕೊಂಡ್ರು. ಒಂದೊಂದ ಬಿಡಿಸಿಕೋತ ಹೊಂಟ್ರು. ಕೈ ಬಿಟ್ಟಲ್ಲಿ ನೀರು ತುಂಬತದ. ಅದಕ್ಕ ನಾವು ಗುಳ್ಳಿ ಅಂತೀವಿ."

"ಅಂಥ ಕಾವಲುಗಾರರನ್ನ ಹೊರಗ ಹಾಕಬೇಕ್ರಿ!"

"ಹಾಕಿದ್ರ ನಾಳೆ ಖರೇನ ಕಳ್ಳ ಬಂದಾಗ ಯಾರು? ಅವರ ಆವೇಶ ಇಳಸಬೇಕು. ಗುಳಿಗಿ ಮಾಡೂದು ಅಷ್ಟ. ಮಾರಿ ಊದತದ, ಖರೆ. ಒಮ್ಮಿಂದೊಮ್ಮೆ ಬಿಟ್ಟರ ಜೀವಕ್ಕ ಬರತದ ಅಂತ ಡಾಕ್ಟರಮ್ಮ ಬೆರಳು ತೋರಿಸಿ ಹೇಳಿದ್ದಳು."

"ಅಂದ್ರ ಆಕಿ ಪಾಪ ಮಾಡಿದ್ದಕ್ಕ ಬಂದದ್ದಲ್ಲ?"

"ಅಲ್ಲ."

"ನನ್ನನ್ನ ಮಠ ಬಿಡಿಸ್ರಿ ಅಜ್ಜಾರ."

"ಕಾವಲುಗಾರರನ್ನ ಹೊರಗ ಹಾಕಬಾರದು ಅಂತ ಈಗ ಹೇಳಿದೆನಲ್ಲೋ. ಏಳು. ಟೆಂಪೋ ಕರಿ."

ಕೋಣೆಯಲ್ಲಿ ನೀಲವ್ವ ಚಾಪೆಯ ಮೇಲೆ ಹಾಸಿದ ಬಾಳೆ ಎಲೆಗಳ ಮೇಲೆ ಒರಗಿದ್ದಳು. ಪಕ್ಕದಲ್ಲಿ ಕಟ್ಟಿದ ಗಂಟು. ಅಣ್ಣನ ಊರಿಗೆ ಹೋಗುತ್ತೇನೆಂದು ಕಟ್ಟಿದ್ದು, ಎದ್ದು ನಿಲ್ಲಲಾಗಿರಲಿಲ್ಲ. ಜ್ವರಕ್ಕೆ ಕಣ್ಣು ಕೆಂಪಾಗಿದ್ದವು. ಬಾಯೊಳಗೂ ಗಾಯ. ಲೋಟದ ನೀರು ಹಾಗೇ ಇತ್ತು.

ಮುರಿಗೆಪ್ಪ ಹೊಸ್ತಿಲ ಬಳಿ ನಿಂತ.

"ಅಜ್ಜಾರು ಅಪ್ಪಣಿ ಕೊಟ್ಟಿರಲಿಲ್ಲಕ್ಕ. ನಾನ ಸುಳ್ಳು ಹೇಳಿದ್ದೆ. ಗುಳಿಗಿ ಬಿಡಬಾರದಾಗಿತ್ತಂತ. ತಪ್ಪಾತು."

ನೀಲವ್ವ ನಿಧಾನವಾಗಿ, ತುಟಿ ನೋಯದಂತೆ ಮಾತಾಡಿದಳು.

"ಅಮಾಸಿಗೆ ವಿಷ, ಈಗ ಔಷಧ. ನಿಮ್ಮ ಶಾಸ್ತ್ರ ಭಾಳ ಲಗೂ ಉಲ್ಟಾ ಹೊಳ್ಳತದ, ತಮ್ಮಾ."

"ಹೌದಕ್ಕ."

"ನನ್ನ ಗುಳಿಗಿ ಎಲ್ಲಿ?"

"ಹೊಳಿಗೆ ಒಗದೀನಿ."

"ಹಂಗಾದ್ರ ಹೊಳ್ಯಾಗಿನ ಮೀನದ್ದೂ ಮಾರಿ ಊದಿರಬೇಕು," ಎಂದಳು. ನಕ್ಕಳು, ನಕ್ಕದ್ದಕ್ಕೆ ತುಟಿ ಒಡೆದು ರಕ್ತ ಬಂತು. ಮುರಿಗೆಪ್ಪ ಅಳತೊಡಗಿದ.

"ನೀ ಯಾಕ ಅಳತಿ? ನನ್ನ ಪಾಳಿ ಅದು. ಉಪ್ಪು ನೀರು ಉರಿಯತದಂತ ತಡಕೊಂಡೀನಿ."

ಹೊರಗೆ ಟೆಂಪೋ ಬಂದು ನಿಂತ ಸದ್ದಾಯಿತು.

ಅಜ್ಜಾರು ಒಳಗೆ ಬಂದರು. "ಬಾ ಮುರಿಗೆಪ್ಪ. ತೋಳು ಹಿಡಿದು ಎಬ್ಬಿಸಬ್ಯಾಡ. ಚರ್ಮ ಕೈಗೆ ಬರತದ. ಎಲಿ ಸಮೇತ, ಚಾಪಿ ಸಮೇತ ಎತ್ತೂಣು. ತಲಿ ಕಡೆ ನಾ ಹಿಡೀತೀನಿ."

ಮುರಿಗೆಪ್ಪ ಬಗ್ಗಿದ. ಚಾಪೆಯ ಅಂಚಿನವರೆಗೆ ಹೋದ ಕೈ ಅಲ್ಲೇ ನಿಂತಿತು. ಅಂಚು ಗಾಯದ ನೀರಿನಿಂದ ಒದ್ದೆಯಾಗಿತ್ತು. ಇಷ್ಟೆಲ್ಲ ಕೇಳಿದ ಮೇಲೂ ಎದೆಯೊಳಗಿನ ಹಳೆಯ ಭಯ ಜಾಗ ಖಾಲಿ ಮಾಡಿರಲಿಲ್ಲ. ನಾಚಿಕೆಯಿಂದ ಅವನ ದನಿ ಸಣ್ಣದಾಯಿತು.

"ಅಜ್ಜಾರ... ಮುಟ್ಟಿದ್ರ ನನಗೂ ಬರತದೇನ್ರಿ?"

ನೀಲವ್ವ ಕಣ್ಣು ಮುಚ್ಚಿಕೊಂಡಳು.

ಅಜ್ಜಾರು ಅವನ ಉಗುರಿನ ಸಂದಿಯ ಮಣ್ಣನ್ನು ನೋಡಿದರು.

"ಆಕಿಯಿಂದ ನಿನಗೇನೂ ಬರೂದಿಲ್ಲ. ನಿನ್ನಿಂದ ಆಕಿಗೆ ನಂಜು ಬಂದೀತು. ಹೋಗು, ಕೈ ತೊಳಕೊಂಡು ಬಾ."