ಕತೆಯನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದ ಹುಂಜ

ಗುಡ್ಡದ ನೆತ್ತಿಯಲ್ಲಿ ಒಂದು ಇಗರ್ಜಿ, ಇಗರ್ಜಿಯ ಬೆನ್ನಿಗೆ ಕಾಡು, ಕಾಡು ಶುರುವಾಗುವಲ್ಲಿ ಒಂದು ಕೆರೆ. ಕೆರೆಯ ಈಚೆ ದಂಡೆಯಲ್ಲಿ ಕೆಂಪು ಕಲ್ಲಿನ ಮೋಟುಗೋಡೆ, ಗೋಡೆಯ ಮೇಲೆ ಒಂದು ಹುಂಜ. ಮಕ್ಕಳೇ, ಆ ಗೋಡೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾಲ್ಕು ಜನ ಇದ್ದಾಗ ಈ ಹುಂಜ ಅದರಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಇಳಿದರೆ ತಾನೂ ಉಳಿದವರಷ್ಟೇ ಎತ್ತರ ಎನ್ನುವುದು ಎಲ್ಲರಿಗೂ ಗೊತ್ತಾಗಿಬಿಡುತ್ತದಲ್ಲ.

ಹುಂಜದ ಹೆಸರು ಪೆದ್ರು. ಅವನು ಮರಿಯಾಗಿದ್ದಾಗ ಯಾರೋ ಹರಕೆಯೆಂದು ಇಗರ್ಜಿಗೆ ತಂದುಕೊಟ್ಟ ಬುಟ್ಟಿಯಲ್ಲಿ ಇದ್ದ. ಹರಕೆಯ ಕೋಳಿಗಳನ್ನು ಹಬ್ಬದ ದಿನ ಏಲಂ ಹಾಕುತ್ತಾರೆ. ಏಲಂ ಆದ ಕೋಳಿ ಕಡೆಗೆ ಎಲ್ಲಿಗೆ ಹೋಗುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಪೆದ್ರು ಬುಟ್ಟಿಯಿಂದ ಹಾರಿ ಓಡಿದ, ಓಡಿದವನು ಸೀದಾ ಬಂದು ಕೆರೆಗೆ ಬಿದ್ದ. ಮುಳುಗುತ್ತಿದ್ದವನನ್ನು ಬೆನ್ನ ಮೇಲೆ ಹೊತ್ತು ದಡಕ್ಕೆ ತಂದವಳು ಕೆರೆಯ ಆಮೆ, ನತಾಲಜ್ಜಿ. ರೆಕ್ಕೆ ಬಲಿಯುವವರೆಗೆ ಅವನು ಬಿಸಿಲು ಕಾಯಿಸಿದ್ದು ಅವಳ ಚಿಪ್ಪಿನ ಮೇಲೆ. ಎರೆಹುಳ ಎಲ್ಲಿ ಸಿಗುತ್ತದೆಂದು ತೋರಿಸಿಕೊಟ್ಟವಳೂ ಅವಳೇ.

ಇಂಥವನು ಬೆಳೆದು ಏನಾಗಬೇಕು? ಉಪಕಾರ ನೆನೆಯುವವನಾಗಬೇಕು. ಇವನು ಪ್ರವಚನ ಹೇಳುವವನಾದ.

ಅದಕ್ಕೂ ಒಂದು ಕಾರಣವಿತ್ತು. ಇಗರ್ಜಿಯ ಕಿಟಕಿಯ ಬಣ್ಣದ ಗಾಜಿನಲ್ಲಿ ಸಂತ ಪೇತ್ರರ ಚಿತ್ರ, ಅವರ ಪಾದದ ಬಳಿ ಒಂದು ಹುಂಜ. ಪೆದ್ರು ಆ ಕಿಟಕಿಯ ಹೊರಗೆ ಕೂತು ಪಾದ್ರಿಗಳ ಮಾತು ಕೇಳುತ್ತಿದ್ದ. ಯೇಸುಸ್ವಾಮಿಯನ್ನು ಹಿಡಿದುಕೊಂಡು ಹೋದ ದಿನ, ನಿಮ್ಮ ಜೊತೆ ಸಾಯಲೂ ಸಿದ್ಧ ಎಂದಿದ್ದ ಶಿಷ್ಯ ಪೇತ್ರನೇ ಹೆದರಿಬಿಟ್ಟನಂತೆ. ಮೂರು ಮಂದಿ ಕೇಳಿದರು, ನೀನೂ ಅವನ ಕಡೆಯವನಲ್ಲವೇ ಎಂದು. ಮೂರು ಸಲವೂ ಆತ, ಅವನು ಯಾರೋ ನನಗೆ ಗೊತ್ತಿಲ್ಲ ಎಂದ. ತಕ್ಷಣ, ಯೇಸುಸ್ವಾಮಿ ಅವನಿಗೆ ಮೊದಲೇ ಹೇಳಿದ್ದ ಹಾಗೆಯೇ, ಕೋಳಿ ಕೂಗಿತು.

ಕೋಳಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪೆದ್ರುವಿಗೆ ಮೈಯೆಲ್ಲ ಪುಳಕ. ಆ ಕೋಳಿ ತನ್ನ ವಂಶದ ಹಿರಿಯನೇ ಎಂದು ತಾನೇ ತೀರ್ಮಾನ ಮಾಡಿಕೊಂಡ. ಪಾದ್ರಿಗಳು ಮುಂದೆ ಏನು ಹೇಳಿದರು ಅಂತ ಕೇಳಲು ಪುರಸೊತ್ತಾದರೂ ಎಲ್ಲಿ? ರೆಕ್ಕೆ ಬಡಿದುಕೊಂಡು ಕೆರೆಗೆ ಓಡಿಹೋಗಿ ನೀರಿನಲ್ಲಿ ತನ್ನ ಜುಟ್ಟು ನೋಡಿಕೊಂಡ. ಪ್ರತಿ ವರ್ಷ ಪಾದ್ರಿಗಳು ಆ ಕತೆ ಹೇಳುತ್ತಿದ್ದರು, ಪ್ರತಿ ವರ್ಷವೂ ಇವನು ಅಲ್ಲಿಗೇ ಎದ್ದು ಬರುತ್ತಿದ್ದ.

ಪಾಸ್ಕ ಹಬ್ಬಕ್ಕೆ ಮೊದಲು ನಲವತ್ತು ದಿನ ಉಪವಾಸವಿರುವ ತಪಸ್ಸು ಕಾಲ ಬಂತೆಂದರೆ ಕಾಡಿನವರೆಲ್ಲ ಶುಕ್ರವಾರ ಸಂಜೆ ಮೋಟುಗೋಡೆಯ ಕೆಳಗೆ ಸೇರುತ್ತಿದ್ದರು. ಪೆದ್ರು ಮೇಲೆ ನಿಂತು ಆ ಕತೆ ಹೇಳುತ್ತಿದ್ದ. ಅವನ ಕತೆಯಲ್ಲಿ ಪೇತ್ರನಿಗೆ ಎರಡೇ ಮಾತು, ಕೋಳಿಗೆ ಮಾತ್ರ ಪೂರ್ತಿ ಸಂಜೆ. ಅದರ ಜುಟ್ಟಿನ ಬಣ್ಣ, ಅದರ ಕೊರಳು, ಯಾವ ಕಾಲೂರಿ ನಿಂತಿತ್ತು, ಎಲ್ಲವನ್ನೂ ತಾನು ಪಕ್ಕದಲ್ಲೇ ಇದ್ದವನಂತೆ ವರ್ಣಿಸುತ್ತಿದ್ದ. ಕಡೆಗೆ, ಕೋಳಿ ಕೂಗಿತು, ಪಾಪಿ ಸಿಕ್ಕಿಬಿದ್ದ, ಕತೆ ಮುಗಿಯಿತು ಎಂದು ಕುತ್ತಿಗೆ ಬಾಗಿಸಿ ನಿಲ್ಲುತ್ತಿದ್ದ.

ಅಳಿಲು ಸೆರಾಫಿನಳಿಗೆ ಮಾತ್ರ ಇದು ಸರಿಬರುತ್ತಿರಲಿಲ್ಲ. ಅವಳು ಪ್ರತಿ ವಾರವೂ ಕೇಳುತ್ತಿದ್ದಳು: "ಆಮೇಲೆ ಪೇತ್ರ ಏನು ಮಾಡಿದ, ಪೆದ್ರು ಮಾಮ?"

"ಕೋಳಿ ಕೂಗಿದ ಮೇಲೆ ಇನ್ನೇನು ಉಳಿದಿರುತ್ತದೆ?" ಎಂದು ಪೆದ್ರು ಅವಳ ಬಾಯಿ ಮುಚ್ಚಿಸುತ್ತಿದ್ದ.

ಕತೆಯಾದ ಮೇಲೆ ವಿಚಾರಣೆ. ಯಾರ್ಯಾರು ಏನೇನು ತಪ್ಪು ಮಾಡಿದರೆಂದು ಹೆಸರು ಹಿಡಿದು ಕೂಗುವುದು. ಮಾಂಸ ಮುಟ್ಟಬಾರದ ಶುಕ್ರವಾರ ನೊಣ ಹಿಡಿದ ಕಪ್ಪೆಗೆ ಎಲ್ಲರೆದುರು ಮಂಗಳಾರತಿ. ಪ್ರಾರ್ಥನೆಯ ಹೊತ್ತಿನಲ್ಲಿ ಬಾಲ ಅಲ್ಲಾಡಿಸಿದಳೆಂದು ಸೆರಾಫಿನಳಿಗೆ ಬೈಗುಳ. ತಾನಂತೂ ಪಾಸ್ಕ ಹಬ್ಬದವರೆಗೆ ಹುಳ ಮುಟ್ಟುವುದಿಲ್ಲ, ಒಣಕಾಳು ಬಿಟ್ಟರೆ ಬೇರೇನೂ ತಿನ್ನುವುದಿಲ್ಲ ಎಂದು ಆಣೆ ಹಾಕಿ ಸಾರಿಯೂ ಇದ್ದ. ನೋಡಿ, ಹೇಗೆ ಸೊರಗಿದ್ದೇನೆ ಎಂದು ಹೊಟ್ಟೆಯನ್ನು ಒಳಗೆಳೆದುಕೊಂಡು ತೋರಿಸುತ್ತಿದ್ದ.

ಸೊರಗಿದ್ದನಂತೆ, ಸೊರಗಿದ್ದ. ಕತ್ತಲಾಗುವ ಮೊದಲು ಕೆರೆಯ ಆಚೆ ದಂಡೆಗೆ ಸದ್ದಿಲ್ಲದೆ ಹೋಗಿ ಕೆಸರು ಕೆದರಿ ಎರೆಹುಳ ಬಾರಿಸುತ್ತಿದ್ದವನು ಯಾರು? ಅದನ್ನು ನೋಡಿದವಳು ನತಾಲಜ್ಜಿ ಒಬ್ಬಳೇ. ಅವಳು ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಒಂದು ಸಲ ಮಾತ್ರ, ಹಸಿವು ಪಾಪವಲ್ಲ ಮಗಾ, ತಿನ್ನು, ಆದರೆ ನಾಳೆ ಆ ಕಪ್ಪೆಯನ್ನು ಬೈಯಬೇಡ ಎಂದಿದ್ದಳು. ಮಾರನೆಯ ದಿನ ಪೆದ್ರು ಕಪ್ಪೆಗೆ ಇನ್ನೂ ಸ್ವಲ್ಪ ಹೆಚ್ಚೇ ಬೈದ.

ಆ ಕಾಡಿನಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು. ತಪಸ್ಸು ಕಾಲದಲ್ಲಿ ಪ್ರತಿಯೊಬ್ಬರೂ ತಮ್ಮ ಊಟದಲ್ಲಿ ಒಂದು ಪಾಲು ಉಳಿಸಿ ದೊಡ್ಡ ಹಲಸಿನ ಮರದ ಪೊಟರೆಯಲ್ಲಿ ಇಡಬೇಕು. ಹಬ್ಬದ ದಿನ ಅದು ನಡೆಯಲಾಗದವರಿಗೆ, ಕಣ್ಣು ಕಾಣದವರಿಗೆ ಸೇರಬೇಕು. ಕಾಳು, ಗೆಡ್ಡೆ, ಬಿರಿದ ಹಲಸಿನ ತೊಳೆ, ಹೀಗೆ ಪೊಟರೆ ತುಂಬುತ್ತಿತ್ತು. ಮೇಲ್ವಿಚಾರಣೆ ಕಡವೆಯದು. ಅವನನ್ನು ಎಲ್ಲರೂ ಗುರಿಕಾರ ಎಂದು ಕರೆಯುತ್ತಿದ್ದರು.

ಪವಿತ್ರ ಗುರುವಾರದ ಸಂಜೆ ಇಗರ್ಜಿಯ ಗಂಟೆ ಕಡೆಯ ಸಲ ಬಾರಿಸುತ್ತದೆ. ಆಮೇಲೆ ಯೇಸುಸ್ವಾಮಿಯ ಸಾವಿನ ಶೋಕಕ್ಕೆಂದು ಹಬ್ಬದವರೆಗೆ ಗಂಟೆಗೆ ಮೌನ, ಮರದ ಗಿಲಕಿ ಮಾತ್ರ ಕಟಕಟ ಎನ್ನುತ್ತಿರುತ್ತದೆ. ಆ ಕಡೆಯ ಗಂಟೆ ಕೇಳಲೆಂದು ಕಾಡಿನವರೆಲ್ಲ ಗುಡ್ಡ ಹತ್ತಿ ಇಗರ್ಜಿಯ ಹಿತ್ತಲ ಬೇಲಿಯ ಬಳಿ ನಿಂತಿದ್ದರು. ನತಾಲಜ್ಜಿಗೆ ಗುಡ್ಡ ಹತ್ತಲಾಗದು, ಅವಳು ಕೆರೆಯಲ್ಲೇ ಉಳಿದಳು. ಪೆದ್ರು, ತಾನು ಒಬ್ಬನೇ ಏಕಾಂತದಲ್ಲಿ ಪ್ರಾರ್ಥನೆ ಮಾಡುವುದಿದೆ ಎಂದು ಗಂಭೀರವಾಗಿ ಹೇಳಿ ಹಿಂದೆ ಉಳಿದ. ಏಕಾಂತ ಅಂದರೆ ಕೆರೆಯ ಆಚೆ ದಂಡೆ, ಪ್ರಾರ್ಥನೆ ಅಂದರೆ ಎರೆಹುಳ. ಹೊಟ್ಟೆ ತುಂಬಿದ ಮೇಲೆ ಅಜ್ಜಿಯ ಪಕ್ಕದಲ್ಲಿ ಕೂತು, ಗಂಟೆ ಸುಮ್ಮನಿರುವ ಈ ದಿನಗಳಲ್ಲಿ ಇಡೀ ಕಾಡಿಗೆ ನಾನೇ ಗಂಟೆ ಎಂದು ಜಂಬ ಕೊಚ್ಚಿಕೊಂಡ. ಕತ್ತಲಾಗುವವರೆಗೂ ಅಲ್ಲೇ ಇದ್ದು, ಬಂದು ಗೋಡೆಯೇರಿ ಮಲಗಿದ.

ಬೆಳಗ್ಗೆ ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಗೋಡೆಯ ಕೆಳಗೆ ಗುಜುಗುಜು ಕೇಳಿ ಪೆದ್ರು ಕಣ್ಣುಬಿಟ್ಟ. ಕಾಡಿಗೆ ಕಾಡೇ ಸೇರಿತ್ತು. ಶುಭ ಶುಕ್ರವಾರವಲ್ಲವೇ, ತನ್ನ ಪ್ರವಚನಕ್ಕೇ ಇಷ್ಟು ಬೇಗ ಬಂದಿದ್ದಾರೆಂದು ಗರಿ ಕೊಡವಿಕೊಂಡು ಎದ್ದು ನಿಂತ. ಆಮೇಲೆ ನಡುವೆ ತಲೆ ತಗ್ಗಿಸಿ ನಿಂತಿದ್ದ ನತಾಲಜ್ಜಿ ಕಣ್ಣಿಗೆ ಬಿದ್ದಳು.

ಪೊಟರೆ ಬರಿದಾಗಿತ್ತು. ಎಲ್ಲರೂ ಗುಡ್ಡದ ಮೇಲಿದ್ದ ಹೊತ್ತಿನಲ್ಲಿ ಯಾರೋ ಬಳಿದುಕೊಂಡು ಹೋಗಿದ್ದರು. ಮರದ ಬುಡದಲ್ಲಿ ಆಮೆ ತೆವಳಿದ ಗುರುತಿದೆ, ಗುಡ್ಡಕ್ಕೆ ಬಾರದವಳೂ ಅವಳೊಬ್ಬಳೇ ಎಂದು ಹೆಗ್ಗಣ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದ. ಅಜ್ಜಿ ತನ್ನ ಪಾಲು ಇಡಲೆಂದು ಮಧ್ಯಾಹ್ನ ಅಲ್ಲಿಗೆ ಹೋಗಿದ್ದಳು, ಗುರುತು ಇರದೆ ಏನು? ಆದರೆ ಬಡವರ ಪಾಲು ಹೋದ ಸಿಟ್ಟಿನಲ್ಲಿ ಅದನ್ನು ಕೇಳುವವರಿರಲಿಲ್ಲ. ಬಡವರ ಪಾಲು ತಿಂದವರನ್ನು ಕೆರೆಯಿಂದ ಹೊರಗಟ್ಟಿ ಕಲ್ಲುಬಯಲಿನಾಚೆ ಕಳಿಸಬೇಕೆಂದು ಅಲ್ಲಿಯ ಕಟ್ಟಳೆ. ಕಡುಬೇಸಿಗೆ. ಆ ಬಯಲಿನಲ್ಲಿ ಹನಿ ನೀರಿಲ್ಲ, ಒಂದು ಗಿಡದ ನೆರಳಿಲ್ಲ. ಮುದಿ ಆಮೆ ಅದನ್ನು ದಾಟುವುದೆಂದರೆ ಅರ್ಧ ದಾರಿಯಲ್ಲೇ ಒಣಗಿ ಸಾಯುವುದು ಎಂದರ್ಥ.

ಗುರಿಕಾರ ಅವಳನ್ನು ಕೇಳಿದ. ಅವಳು, ನಾನು ಕೆರೆಯ ಆಚೆ ದಂಡೆಯಲ್ಲಿದ್ದೆ, ಒಬ್ಬಳೇ ಇರಲಿಲ್ಲ, ಜೊತೆಯಲ್ಲಿದ್ದವರು ತಾವಾಗಿಯೇ ಹೇಳುತ್ತಾರೆ ಎಂದಳು. ಹೆಸರು ಹೇಳಲಿಲ್ಲ. ಅವನ ಮಾನ ಅವನೇ ಉಳಿಸಿಕೊಳ್ಳಲಿ ಎಂಬುದು ಆ ಮುದುಕಿಯ ಆಸೆ.

ಪೆದ್ರು ಹೇಳಬೇಕಾಗಿದ್ದದ್ದು ಎಷ್ಟು? ನಾನಿದ್ದೆ ಅಂತ ಒಂದು ಮಾತು. ಆ ಮಾತು ಹೇಳಿದರೆ, ಅಲ್ಲೇನು ಮಾಡುತ್ತಿದ್ದೆ ಎಂದು ಕೇಳುತ್ತಾರೆ. ಅವನು ಆಕಾಶ ನೋಡುತ್ತ ನಿಂತ.

ಸೆರಾಫಿನ ಮೇಲೆ ನೋಡಿ, ಪೆದ್ರು ಮಾಮ, ನೀವೂ ಗುಡ್ಡಕ್ಕೆ ಬರಲಿಲ್ಲ, ಅಜ್ಜಿಯ ಜೊತೆ ನೀವೇ ಇದ್ದಿರೇನೋ ಎಂದಳು. ಪೆದ್ರು ನಕ್ಕ. ತನಗೆ ಪ್ರಾರ್ಥನೆಯ ಮಧ್ಯೆ ಮುದುಕಿಯರ ಜೊತೆ ಹರಟಲು ಪುರಸೊತ್ತಿಲ್ಲ, ತಾನು ಆ ಕಡೆ ತಲೆಯೂ ಹಾಕಿಲ್ಲ ಎಂದ.

ಕಪ್ಪೆ ಮುಂದೆ ಬಂತು. ನಾನು ಉಪವಾಸದ ಸುಸ್ತಿನಲ್ಲಿ ಗುಡ್ಡದ ಅರ್ಧ ದಾರಿಯಿಂದ ತಿರುಗಿ ಬಂದು ಕೆಸರಿನೊಳಗೆ ಮಲಗಿದ್ದೆ, ಏನೂ ಕಾಣಲಿಲ್ಲ, ಆದರೆ ಕೊಕ್ಕೊಕ್ ಎನ್ನುವ ಮಾತು ಕಿವಿಗೆ ಬಿತ್ತು, ಆ ಧಾಟಿ ನಿಮ್ಮದೇ ಎಂದಿತು. ಪೆದ್ರುವಿನ ಜುಟ್ಟು ಕೆಂಪೇರಿತು. ಶುಕ್ರವಾರ ನೊಣ ತಿನ್ನುವವರ ಕಿವಿಯನ್ನು ಯಾರು ನಂಬುತ್ತಾರೆ, ಅದು ಯಾವುದೋ ಕಾಡುಕೋಳಿ ಇರಬೇಕು ಎಂದು ಗದರಿಸಿದ.

ಆಗ ಗುರಿಕಾರನೇ ಗೋಡೆಯ ಹತ್ತಿರ ಬಂದು ಕೊಂಬೆತ್ತಿ ನಿಂತ. "ಪೆದ್ರು, ನೀನು ದೇವರ ಕತೆ ಹೇಳುವವನು. ನಿನ್ನ ಮಾತಿನ ಮೇಲೆ ಅಜ್ಜಿಯ ಜೀವ ನಿಂತಿದೆ. ನಿನ್ನೆ ಸಂಜೆ ಇವಳ ಜೊತೆ ನೀನಿದ್ದೆಯಾ?"

ಪೆದ್ರು ಕೆಳಗೆ ನೋಡಲಿಲ್ಲ. ನೋಡಿದ್ದರೆ ತಾನು ಬಿಸಿಲು ಕಾಯಿಸಿದ ಆ ಚಿಪ್ಪು ಕಾಣುತ್ತಿತ್ತು. "ಗುರಿಕಾರ್ರೇ, ಆಣೆ ಮಾಡಿ ಹೇಳುತ್ತೇನೆ. ಆ ಆಮೆ ಯಾರು ಎನ್ನುವುದೇ ನನಗೆ ಗೊತ್ತಿಲ್ಲ" ಎಂದ.

ಸರಿಯಾಗಿ ಆಗಲೇ ಪೂರ್ವದ ಮರಗಳ ಸಂದಿನಿಂದ ಸೂರ್ಯನ ಮೊದಲ ಬೆಳಕು ಬಂದು ಅವನ ಕೊಕ್ಕಿಗೆ ತಾಗಿತು. ಹುಟ್ಟಿದಂದಿನಿಂದ ಆ ಬೆಳಕು ತಾಗಿದ ಕೂಡಲೇ ಕೂಗಿದವನು ಅವನು. ಕೂಗಬೇಕೋ ಬೇಡವೋ ಎಂದು ಕೊರಳು ಅವನನ್ನು ಕೇಳಲಿಲ್ಲ. ಕತ್ತು ತಾನಾಗಿ ನೆಟ್ಟಗಾಯಿತು, ಕೊಕ್ಕು ತೆರೆಯಿತು, ಗಂಟೆಯಿಲ್ಲದ ಆ ಬೆಳಗಿನಲ್ಲಿ ಅವನ ಕೂಗು ಗುಡ್ಡದ ತುದಿಯವರೆಗೂ ಕೇಳಿಸಿತು.

ತಪಸ್ಸು ಕಾಲದುದ್ದಕ್ಕೂ ಅದೇ ಕತೆಯನ್ನು ಅವನ ಬಾಯಿಂದಲೇ ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠವಾಗಿತ್ತಲ್ಲ. ಮೂರು ಸಲ ಕೇಳಿದ್ದಾಯಿತು, ಮೂರು ಸಲ ಇಲ್ಲವೆಂದದ್ದಾಯಿತು, ಕೋಳಿ ಕೂಗಿದ್ದೂ ಆಯಿತು. ಯಾರೂ ಯಾರಿಗೂ ವಿವರಿಸಬೇಕಾಗಲಿಲ್ಲ. ಎಲ್ಲರ ಮುಖ ಮೆಲ್ಲಗೆ ಗೋಡೆಯ ಕಡೆ ತಿರುಗಿತು.

ಪೆದ್ರು ಗಂಟಲು ಸರಿಮಾಡಿಕೊಂಡ. ಇದು ಬೆಳಗಿನ ಕೂಗು, ಆ ಕತೆಯದಲ್ಲ ಎಂದು ಏನೋ ತೊದಲಿದ. ನಾಚಿಕೆಗೆಟ್ಟವನು, ಆಗಲೂ ತನ್ನ ಪ್ರತಿಷ್ಠೆಯ ಒಂದು ಚೂರಾದರೂ ಉಳಿಯುತ್ತದೋ ಎಂದು ನೋಡುತ್ತಿದ್ದ. ಆಗ ನತಾಲಜ್ಜಿ ತಲೆಯೆತ್ತಿ ಅವನನ್ನು ನೋಡಿದಳು. ಬೈಯಲಿಲ್ಲ, ಸುಮ್ಮನೆ ನೋಡಿದಳು. ಕೆರೆಗೆ ಬಿದ್ದ ದಿನ ನೀರಿನ ಮಧ್ಯದಲ್ಲಿ ಅವನು ಮೊದಲು ಕಂಡದ್ದು ಆ ಕಣ್ಣುಗಳನ್ನೇ.

"ಆಮೇಲೆ ಪೇತ್ರ ಏನು ಮಾಡಿದ, ಮಾಮ?" ಎಂದು ಸೆರಾಫಿನ ಕೇಳಿದಳು. ಈ ಸಲ ಅವಳ ದನಿ ಸಣ್ಣದಾಗಿತ್ತು.

ಪೆದ್ರುವಿಗೆ ಉತ್ತರ ನಿಜವಾಗಿಯೂ ಗೊತ್ತಿರಲಿಲ್ಲ. ಅಷ್ಟು ವರ್ಷ ಹೇಳಿದ ಕತೆ, ಮುಂದಿನ ಮಾತು ಗೊತ್ತಿಲ್ಲ. ನತಾಲಜ್ಜಿಯೇ ಹೇಳಿದಳು. ಕೆರೆಯ ದಂಡೆಯಲ್ಲಿ ಕೂತು ಹೋಗಿಬರುವವರ ಬಾಯಿಂದ ಅವಳು ಆ ಕತೆಯನ್ನು ಕಡೆಯವರೆಗೂ ಕೇಳಿದ್ದಳು.

"ಹೊರಗೆ ಹೋಗಿ ಅತ್ತನಂತೆ ಮಗಾ, ಬಿಕ್ಕಿ ಬಿಕ್ಕಿ ಅತ್ತನಂತೆ. ಅವನು ಸಂತನಾದದ್ದು ಅಲ್ಲಿಂದಲೇ. ಕೋಳಿ ಸಂತನಾಗಲಿಲ್ಲ."

ಪೆದ್ರು ಗೋಡೆಯಿಂದ ಇಳಿದ. ಕೆಳಗೆ ನಿಂತಾಗ ಅವನು ಕಪ್ಪೆಗಿಂತ ಸ್ವಲ್ಪ ಎತ್ತರ, ಅಷ್ಟೇ. ಗೋಡೆಯ ಹಿಂದೆ ಹೋಗಿ ಸ್ವಲ್ಪ ಹೊತ್ತು ಏನು ಮಾಡಿದನೋ ಯಾರೂ ಇಣುಕಲಿಲ್ಲ. ತಿರುಗಿ ಬಂದವನು ಧೂಳಿನಲ್ಲೇ ನಿಂತು ಎಲ್ಲವನ್ನೂ ಹೇಳಿದ. ತಾನು ಅಜ್ಜಿಯ ಜೊತೆ ಕತ್ತಲಾಗುವವರೆಗೂ ಇದ್ದದ್ದು, ಅವಳು ಜಾಗ ಬಿಟ್ಟು ಕದಲದೇ ಇದ್ದದ್ದು, ತಾನು ತಿಂದ ಎರೆಹುಳ, ಹಾಕಿದ ಸುಳ್ಳು ಆಣೆ. ಕಪ್ಪೆಯ ಹೆಸರು ಹಿಡಿದು ಕ್ಷಮೆ ಕೇಳಿದ. ಆಗ ಮಾತ್ರ ಅವನ ದನಿ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ, ಜೋರಾಗಿ ಹೇಳು ಎಂದು ಕಪ್ಪೆ ಇನ್ನೊಂದು ಸಲ ಹೇಳಿಸಿತು. ಹೇಳಿಸದೆ ಬಿಡುತ್ತದೆಯೇ?

ಇಷ್ಟರಲ್ಲಿ ಹೆಗ್ಗಣ ಮೆಲ್ಲಗೆ ಜಾಗ ಖಾಲಿಮಾಡುತ್ತಿದ್ದ. ಗುರಿಕಾರ ಕಾಲು ಅಡ್ಡವಿಟ್ಟ. ಬೆಳಕಿನಲ್ಲಿ ನೋಡಿದರೆ ಅವನ ಮೀಸೆಯೆಲ್ಲ ಹಲಸಿನ ಮೇಣ ಮೆತ್ತಿಕೊಂಡಿತ್ತು. ಗಂಟೆಯ ಹೊತ್ತಿನಲ್ಲಿ ಗುಂಪಿನಿಂದ ನುಸುಳಿ ಗುಡ್ಡ ಇಳಿದವನು ಅವನೇ. ಅವನ ಬಿಲ ಅಗೆದಾಗ ಪಾಲಿನ ಬಹುಭಾಗ ಹಾಗೇ ಸಿಕ್ಕಿತು. ಕಟ್ಟಳೆಯಂತೆ ಅವನನ್ನು ಕಲ್ಲುಬಯಲಿಗೆ ಅಟ್ಟಬೇಕಿತ್ತು. ನತಾಲಜ್ಜಿ ಬೇಡಿಕೊಂಡದ್ದಕ್ಕೆ, ಹಬ್ಬದ ದಿನ ನಡೆಯಲಾಗದವರ ಮನೆಮನೆಗೆ ಆ ಪಾಲನ್ನು ಅವನೇ ಹೊತ್ತು ಹಂಚಬೇಕೆಂದು ತೀರ್ಪಾಯಿತು. ಅವಳನ್ನು ನಾಲ್ಕು ಜನ ಸೇರಿ ಕೆರೆಗೆ ಮುಟ್ಟಿಸಿದರು, ಆ ನಾಲ್ವರಲ್ಲಿ ಪೆದ್ರುವೂ ಇದ್ದ.

ಪೆದ್ರು ಈಗಲೂ ಕತೆ ಹೇಳುತ್ತಾನೆ. ಜಂಬ ಪೂರ್ತಿ ಹೋಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ, ಕೋಳಿಯ ಜುಟ್ಟಿನ ವರ್ಣನೆ ಇನ್ನೂ ಸ್ವಲ್ಪ ಉದ್ದವೇ ಇದೆ. ಆದರೆ ಕೆಳಗೆ ನಿಂತು ಹೇಳುತ್ತಾನೆ. ಕೋಳಿ ಕೂಗಿತು ಎಂದ ಮೇಲೆ ಕೆರೆಯ ಕಡೆ ನೋಡುತ್ತಾನೆ, ಮತ್ತೆ ಕತೆಯನ್ನು ಕಡೆಯವರೆಗೂ ಹೇಳುತ್ತಾನೆ.

ನೀತಿ: ಸಂತರ ಕತೆ ಕೇಳುವುದು ಊರವರ ತಪ್ಪಿಗೆ ಕೂಗುವುದಕ್ಕಲ್ಲ, ತನ್ನ ತಪ್ಪಿಗೆ ಅಳುವುದಕ್ಕೆ.